ಹಸಿರು ಕಾರಿನ ಹಿಂದಿನ ಬಾಗಿಲು

ಬೆಟಗೇರಿ
ಫೆಬ್ರವರಿ ಮೂವತ್ತು, ಎರಡು ಸಾವಿರದ ನೂರಾ ಎಪ್ಪತ್ತೊಂದು

ಪೂಜ್ಯ ನೀಲಾಂಬಿಕಾ ಆಯಿಯವರಿಗೆ, ನಿಮ್ಮ ಮೊಮ್ಮಗಳ ಮೊಮ್ಮಗ ಕೊಟ್ರಬಸು ಮಾಡುವ ಶರಣು.

ಮೇಲಿನ ತಾರೀಖು ನೋಡಿ ಕೈತಪ್ಪಿ ಬರೆದಿದ್ದೇನೆ ಎಂದುಕೊಳ್ಳಬೇಡಿ. ನಿಮ್ಮ ಕ್ಯಾಲೆಂಡರಿನಲ್ಲಿ ಈ ದಿನ ಇರಲಿಲ್ಲ. ನನ್ನ ಅಜ್ಜನ ಕಾಲದಲ್ಲಿ ತಿಂಗಳುಗಳನ್ನು ಸರಿಪಡಿಸಿದವರು ಫೆಬ್ರವರಿಯ ಮೇಲೆ ಕನಿಕರಪಟ್ಟು ಎರಡು ದಿನ ಸೇರಿಸಿದರು. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೆ ಕ್ಷಮೆಯಿರಲಿ. ಕ್ಷಮೆ ಕೇಳಬೇಕಾದ ಬೇರೆ ಸಂಗತಿಗಳೂ ಇವೆ. ಅವಕ್ಕೆ ಹೋಲಿಸಿದರೆ ಇದು ಏನೂ ಅಲ್ಲ.

ಈ ಕಾಗದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ನಮ್ಮ ಊರ ನಡುವೆ ಒಪ್ಪುಕಟ್ಟೆ ಎಂಬ ಕಲ್ಲಿನ ಕಟ್ಟೆಯಿದೆ. ಅರವತ್ತು ತುಂಬಿದವರೆಲ್ಲ ಒಂದು ದಿನ ಅದನ್ನು ಹತ್ತಿ, ತಮ್ಮ ಹಿರಿಯರು ಬಿಟ್ಟುಹೋದ ಒಂದು ವಸ್ತುವನ್ನು ಊರಿಗೆ ತೋರಿಸಿ, ಅದರಿಂದ ಆದ ತಪ್ಪನ್ನು ಓದಿ ಹೇಳಬೇಕು. ಓದಿದ ಮೇಲೆ ವಸ್ತು ಕುಲುಮೆಗೆ ಹೋಗುತ್ತದೆ. ವರ್ಷದೊಳಗೆ ಆ ಹಿರಿಯರಿಗೆ ಒಂದು ಕಾಗದ ಬರೆದು ಕಟ್ಟೆಯ ಕೆಳಗಿನ ಕಲ್ಲುಪೆಟ್ಟಿಗೆಯಲ್ಲಿ ಹಾಕಬೇಕು. ಬೆನ್ನ ಹಿಂದೆ ಮಾತಾಡಿದ ಮೇಲೆ ಮುಖ ನೋಡಿಯೂ ಒಂದು ಮಾತು ಆಡಬೇಕೆಂಬ ಮರ್ಯಾದೆ ಅಷ್ಟೇ. ಕಾಗದ ತಲುಪುತ್ತದೆಂದು ನಂಬುವವರಿದ್ದಾರೆ, ನಗುವವರೂ ಇದ್ದಾರೆ. ಮೊನ್ನೆಯವರೆಗೆ ನಾನು ನಗುವವರ ಪೈಕಿ.

ನಮ್ಮ ದಿನಚರಿ ಹೀಗಿದೆ. ಬೆಳಗಿನ ನಾಲ್ಕಕ್ಕೆ ಮಗ್ಗಗಳು ಶುರುವಾಗಿ ಹತ್ತಕ್ಕೆ ನಿಲ್ಲುತ್ತವೆ. ಹತ್ತರಿಂದ ಐದರವರೆಗೆ ಬೀದಿಯಲ್ಲಿ ನಾಯಿಯೂ ಇರುವುದಿಲ್ಲ, ಬಿಸಿಲು ಅಂಥದ್ದು. ಗದಗಿಗೆ ಹೋಗುವ ಅಗಲವಾದ ರಸ್ತೆಯ ಮುಕ್ಕಾಲು ಪಾಲನ್ನು ಅಗೆದು ಬೇವು ಹಾಕಿದ್ದೇವೆ, ಉಳಿದ ಕಾಲುಭಾಗದಲ್ಲಿ ಗಾಳಿಬಂಡಿಗಳು ಓಡುತ್ತವೆ. ಕಪ್ಪತಗುಡ್ಡದ ಗಾಳಿಯಂತ್ರಗಳಿಂದ ಜೀವ ತುಂಬಿಕೊಳ್ಳುವ, ಒಬ್ಬರೇ ಕೂರುವ ಬಂಡಿಗಳು ಅವು. ಗಾಳಿ ಬಿದ್ದ ದಿನ ಊರೇ ನಡೆಯುತ್ತದೆ. ಇಷ್ಟೆಲ್ಲ ಸೆಖೆಗೆ ಯಾರಾದರೂ ಹೊಣೆಯಾಗಬೇಕಲ್ಲ, ಅದಕ್ಕೇ ಒಪ್ಪುಕಟ್ಟೆ.

ನಮ್ಮ ಮನೆಗೆ ಉಳಿದಿದ್ದು ನಿಮ್ಮ ಕಾರು, ಜೊತೆಗೆ ಅದರ ಡಿಕ್ಕಿಯಲ್ಲಿದ್ದ ನಿಮ್ಮ ನೋಟ್‌ಬುಕ್. ಕಾರಿನ ಬಣ್ಣ ಪೂರ್ತಿ ಹೋಗಿ ತುಕ್ಕಷ್ಟೇ ಉಳಿದಿತ್ತು. ಎರಡು ಗಾಲಿ ಇರಲಿಲ್ಲ. ನೋಟ್‌ಬುಕ್ ಮಾತ್ರ ಪ್ಲಾಸ್ಟಿಕ್ ಚೀಲದಲ್ಲಿ ಕೆಡದೆ ಉಳಿದಿತ್ತು. ಸುತ್ತಲಿನ ಶಾಲೆಗಳಿಗೆ ಯೂನಿಫಾರ್ಮ್ ಹೊಲಿದು ಕೊಡುತ್ತಿದ್ದಿರಿ, ಗಂಟುಗಳನ್ನು ಹಳ್ಳಿಗಳಿಗೆ ಮುಟ್ಟಿಸಲು ಈ ಕಾರು ಕೊಂಡಿರಿ ಎಂಬುದೆಲ್ಲ ಅದರಿಂದಲೇ ತಿಳಿಯಿತು. ಲೀಟರಿಗೆ ಇಪ್ಪತ್ತಮೂರು ಕೊಡುತ್ತದೆ ಎಂದು ಮೊದಲ ಪುಟದಲ್ಲೇ ಹೆಮ್ಮೆಯಿಂದ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಿರಿ. ಆಮೇಲಿನ ಪುಟಗಳಲ್ಲಿ ಅದರ ಗುಣವನ್ನೂ ದೋಷವನ್ನೂ ಸೊಸೆಯ ಬಗ್ಗೆ ಹೇಳುವ ಹಾಗೆ ಬರೆಯುತ್ತ ಹೋದಿರಿ. ಎಂಥ ಓಣಿಯಲ್ಲೂ ನುಗ್ಗುತ್ತದೆ, ಒಂದೇ ಏಟಿಗೆ ತಿರುಗುತ್ತದೆ, ರಿಪೇರಿಗೆ ಸತಾಯಿಸುವುದಿಲ್ಲ. ಆದರೆ ನಾಲ್ಕು ಜನ ಕೂತರೆ ಡೋಣಿ ಊರಿನ ಏರುದಾರಿಯಲ್ಲಿ ಎಸಿ ಬಂದ್ ಮಾಡಬೇಕು, ಇಲ್ಲದಿದ್ದರೆ ಏದುಸಿರು ಬಿಡುತ್ತದೆ. ಬಾಗಿಲು ತಗಡಿನ ಡಬ್ಬಿಯ ಮುಚ್ಚಳದಷ್ಟು ತೆಳು, ಲಾರಿ ಪಕ್ಕದಲ್ಲಿ ಹೋದರೆ ಎದೆ ಝಲ್ಲೆನ್ನುತ್ತದೆ. ಹಿಂದೆ ಕೂತವರ ಮೊಣಕಾಲು ಗದ್ದಕ್ಕೆ ಬರುತ್ತದೆ.

ಮೂರನೇ ವರ್ಷದ ಒಂದು ಪುಟದಲ್ಲಿ ಹೀಗೆ ಬರೆದಿದ್ದಿರಿ: "ಇದು ಕುಡಿಯೂದು ಕಡಿಮಿ ಅಂತ ನಾ ಓಡಿಸೂದು ಜಾಸ್ತಿ ಆತು. ಮೊದಲ ಕಿರಾಣಿ ಅಂಗಡಿಗೆ ನಡಕೋತ ಹೋಗ್ತಿದ್ದೆ. ಈಗ ಕೊತ್ತಂಬರಿಗೂ ಕಾರ್ ತಗೀತೀನಿ. ಉಳಿಸಿದ್ದೇನು?"

ಆಯಿ, ಈ ನಾಲ್ಕು ಸಾಲನ್ನು ನಾನು ಕದ್ದೆ. ಕಟ್ಟೆಯ ಮೇಲೆ ನಿಂತು, ಕಡಿಮೆ ಎಣ್ಣೆ ಕುಡಿಯುವ ಪುಟ್ಟ ಕಾರೇ ದೊಡ್ಡ ಕಾರಿಗಿಂತ ಹೆಚ್ಚು ಮೋಸಗಾರ, ಅದು ಮನುಷ್ಯನ ಮನಸ್ಸಾಕ್ಷಿಗೆ ಜೋಗುಳ ಹಾಡಿತು ಎಂದು ನಾನೇ ಕಂಡುಹಿಡಿದವನ ಹಾಗೆ ಗುಡುಗಿದೆ. ನಿಮ್ಮನ್ನು ಊರ ಮುಂದೆ ಆಲಸಿ ಹೆಂಗಸು ಎಂದು ಕರೆದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನ್ನ ಮನೆಯಿಂದ ಕಟ್ಟೆಗೆ ಐನೂರು ಹೆಜ್ಜೆ ಇದ್ದೀತು. ಅಷ್ಟು ದೂರಕ್ಕೆ ಆ ದಿನ ನಾನು ಗಾಳಿಬಂಡಿಯಲ್ಲಿ ಬಂದಿದ್ದೆ. ಹೇಗೂ ಗಾಳಿ ಪುಕ್ಕಟೆ ಅಲ್ಲವೇ ಎಂದುಕೊಂಡಿದ್ದೆ.

ನಿಜವಾದ ನಾಚಿಕೆ ಇನ್ನೂ ಮುಂದಿದೆ. ನೋಟ್‌ಬುಕ್ಕಿನ ನಡುವಿನ ಒಂದು ಹಾಳೆಯನ್ನು ನಾನು ಕಟ್ಟೆಯ ಮೇಲೆ ಓದಲಿಲ್ಲ. ನಿಮಗೆ ನೆನಪಿರಲೇಬೇಕು. ಮೇ ತಿಂಗಳ ಮಧ್ಯಾಹ್ನ ಪಕ್ಕದ ಓಣಿಯ ನೇಕಾರರ ಮನೆಯ ಮಾಬೂಬಿಗೆ ಹೆರಿಗೆ ನೋವು ಬಂದಿತ್ತು. ದೊಡ್ಡ ಗಾಡಿಗಳು ಆ ಓಣಿಯಲ್ಲಿ ಹೊರಳುವುದಿಲ್ಲ, ನಿಮ್ಮದು ಹೊಸ್ತಿಲವರೆಗೆ ಹೋಯಿತು. ಅವಳನ್ನು ಹಿಂದೆ ಮಲಗಿಸಿಕೊಂಡು ಹೊರಟರೆ ರೈಲ್ವೆ ಗೇಟು ಬಿದ್ದಿತ್ತು. ಅಲ್ಲೇ ಮಗು ಹೊರಬಂತು. ಜಾಗ ಸಾಲದೆ ಮುಂದಿನ ಸೀಟು ಪೂರ್ತಿ ಮುಂದೆ ತಳ್ಳಿ, ಹಿಂದಿನ ಬಾಗಿಲು ತೆರೆದು ನೆಲಕ್ಕೆ ಮಂಡಿಯೂರಿದಿರಿ. ಗೇಟಿನಲ್ಲಿ ನಿಂತಿದ್ದ ಹೆಂಗಸರು ನಿಮ್ಮ ಡಿಕ್ಕಿಯ ಯೂನಿಫಾರ್ಮ್ ಬಟ್ಟೆ ಬಿಚ್ಚಿ ಸುತ್ತಲೂ ನೀಲಿ ಗೋಡೆ ಕಟ್ಟಿದರು. ಹೆಣ್ಣು ಮಗುವನ್ನು ಅದೇ ನೀಲಿ ಬಟ್ಟೆಯಲ್ಲಿ ಸುತ್ತಿದಿರಿ. ಇಷ್ಟು ಬರೆದು ಕೊನೆಗೆ, ಸಣ್ಣದಾದರೂ ಕಾರು ಮಾನ ಉಳಿಸಿತು ಎಂದು ಸೇರಿಸಿದ್ದಿರಿ.

ಆ ಮಗು ನಮ್ಮ ನೆರೆಯ ಜೈನಾಬಿಯ ಮುತ್ತಜ್ಜಿ. ಜೈನಾಬಿಗೆ ಈಗ ಎಪ್ಪತ್ತನಾಲ್ಕು. ಅವರ ಮನೆಯಲ್ಲಿ ಉಳಿದಿದ್ದುದು ಒಂದೇ ಮಾತು: ನಮ್ಮ ವಂಶ ಒಂದು ಹಸಿರು ಕಾರಿನಲ್ಲಿ ಶುರುವಾಯಿತು. ಯಾರ ಕಾರು ಎಂದು ಗೊತ್ತಿರಲಿಲ್ಲ. ಕಟ್ಟೆಗೆ ಯಾವ ಹಳೆಯ ಕಾರು ಬಂದರೂ ಆಕೆ ಕೋಲೂರಿಕೊಂಡು ಬಂದು, ಅದರ ಮೈ ಮುಟ್ಟಿ, ಬಣ್ಣ ಯಾವುದಿತ್ತೆಂದು ಕೇಳುತ್ತಿದ್ದರು. ಊರಿಗೆಲ್ಲ ಇದು ಗೊತ್ತು. ಕೆಲವರು ಆಡಿಕೊಳ್ಳುವುದೂ ಉಂಟು.

ನನ್ನ ದಿನವೂ ಬಂದರು. ನಾನು ಕಟ್ಟೆ ಹತ್ತಲು ಇನ್ನೂ ಸ್ವಲ್ಪ ಹೊತ್ತಿತ್ತು. ತುಕ್ಕು ಹಿಡಿದ ಹಿಂದಿನ ಎಡಬಾಗಿಲ ಮೇಲೆ ಅಂಗೈ ಇಟ್ಟು, "ಇದು ಹಸಿರು ಇತ್ತೇನಪಾ?" ಎಂದರು.

"ಗೊತ್ತಿಲ್ಲ ಯವ್ವಾ," ಎಂದೆ.

ಹಸಿರು ಕಾರು ಎಂದು ನೀವೇ ಬರೆದಿದ್ದ ನೋಟ್‌ಬುಕ್ ನನ್ನ ಕಂಕುಳಲ್ಲೇ ಇತ್ತು. ಹೂಂ ಎಂದಿದ್ದರೆ ಆಕೆ ಅಲ್ಲೇ ಅಳುತ್ತಿದ್ದರು, ಜನ ಕರಗುತ್ತಿದ್ದರು, ಮೂರು ತಿಂಗಳಿಂದ ತಿದ್ದಿ ತೀಡಿದ ನನ್ನ ಭಾಷಣ ಚಪ್ಪೆಯಾಗುತ್ತಿತ್ತು. ಚೆನ್ನಾಗಿ ಓದಿದವರನ್ನು ಕಟ್ಟೆಹಿರಿಯರನ್ನಾಗಿ ಆರಿಸುವ ರೂಢಿ ನಮ್ಮಲ್ಲಿದೆ, ನನ್ನ ಕಣ್ಣು ಅದರ ಮೇಲಿತ್ತು. ಆರಿಸಿದರು ಕೂಡ. ಮರುದಿನ ಕಾರು ಕರಗಿತು. ಅದರ ಲೋಹ ಈಗ ಗುಡ್ಡದ ಮೇಲಿನ ಯಾವುದೋ ಗಾಳಿಯಂತ್ರದ ಬೋಲ್ಟು ನಟ್ಟುಗಳಲ್ಲಿ ಇರಬೇಕು. ಯಾವುದೆಂದು ಯಾರೂ ಹೇಳಲಾರರು.

ಹಿಂದೋಲೆಯ ವಾಯಿದೆ ಮುಗಿಯುತ್ತ ಬಂತೆಂದು ಮೊನ್ನೆ ನೋಟ್‌ಬುಕ್ ಮತ್ತೆ ತೆರೆದೆ. ನಿಮಗೆ ನಾಲ್ಕು ಒಳ್ಳೆಯ ಮಾತು ಬರೆದು ಕೈತೊಳೆದುಕೊಳ್ಳುವ ಎಣಿಕೆ. ಆ ಹಾಳೆ ದಾಟಲು ಆಗಲಿಲ್ಲ. ಕೊನೆಗೆ ನಿನ್ನೆ ಸಂಜೆ, ಬೀದಿಗೆ ಜನ ಇಳಿಯುವ ಹೊತ್ತಿಗೆ, ಜೈನಾಬಿಯ ಜಗಲಿಗೆ ಹೋಗಿ ಅದನ್ನು ಓದಿದೆ. ನೀಲಿ ಬಟ್ಟೆ ಬಂದಾಗ ಆಕೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡರು, ಅಷ್ಟೇ. ಓದಿ ಮುಗಿಸಿ ತಲೆ ತಗ್ಗಿಸಿ ಕೂತೆ.

"ಅವತ್ತ ಇದನ್ನ ಓದಿದ್ರ ಏನ್ ಆಗ್ತಿತ್ತು?" ಎಂದು ಕೇಳಿದರು.

"ಚಪ್ಪಾಳಿ ಕಡಿಮಿ ಆಗ್ತಿದ್ವು ಯವ್ವಾ."

ಬೈಯಬಹುದಿತ್ತು, ನನಗೆ ಅದೇ ಬೇಕಿತ್ತು. ಆಕೆ ಬೈಯಲಿಲ್ಲ. ತಮ್ಮ ಬಲಗೈಯನ್ನು ಮಡಿಲಲ್ಲಿಟ್ಟು ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ, "ನಾ ಅವತ್ತ ಮುಟ್ಟಿದ್ನೆಲಾ ಬಾಗಲಾ, ಅದ ಏನು?" ಎಂದರು.

"ಹೌದು ಯವ್ವಾ, ಅದ."

"ಹಂಗಾದ್ರ ಮುಟ್ಟೇನಿ ಬಿಡು," ಎಂದು ಆಕೆ ಕಣ್ಣು ಮುಚ್ಚಿಕೊಂಡರು. ಒಂದು ವರ್ಷದಲ್ಲಿ ಆ ಮುಖದಲ್ಲಿ ಅಂಥ ಸಮಾಧಾನ ನಾನು ಕಂಡಿರಲಿಲ್ಲ.

ಮನೆಗೆ ಬಂದು ಹಾಳೆಯನ್ನು ದೀಪದ ಹತ್ತಿರ ಹಿಡಿದು ಮೂರು ಸಲ ನೋಡಿದೆ. ಹಿಂದಿನ ಬಾಗಿಲು ತೆರೆದೆ ಎಂದಷ್ಟೇ ಬರೆದಿದ್ದೀರಿ ಆಯಿ. ಎಡದ್ದೋ ಬಲದ್ದೋ ಬರೆದಿಲ್ಲ. ತಪ್ಪು ಒಪ್ಪಿಕೊಳ್ಳಲು ಹೋದವನು ಇನ್ನೊಂದು ಸುಳ್ಳು ಹೇಳಿಯೇ ಬಂದಿದ್ದೇನೆ. ಈ ಸಲ ಚಪ್ಪಾಳೆಗಾಗಿ ಅಲ್ಲ ಎಂಬುದೊಂದೇ ವ್ಯತ್ಯಾಸ, ಅದರಿಂದ ನನಗೆ ನಿದ್ದೆಯೇನೂ ಬರಲಿಲ್ಲ.

ನಿಮ್ಮ ಕಾರನ್ನು ಮಾರಿಬಿಡಿ, ನಡೆದೇ ಹೋಗಿ ಎಂದು ಬುದ್ಧಿ ಹೇಳುವ ಮುಖ ನನಗಿಲ್ಲ. ಅದರ ದೋಷ ನನಗಿಂತ ಮೊದಲೇ ನಿಮಗೆ ಗೊತ್ತಿತ್ತು, ಗುಣವೂ ಗೊತ್ತಿತ್ತು. ಎರಡನ್ನೂ ಒಂದೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿರಿ. ನಾನು ಒಂದನ್ನಷ್ಟೇ ಓದಿದೆ.

ನಿಮ್ಮಲ್ಲಿ ನನ್ನದೊಂದೇ ಬೇಡಿಕೆ. ಈ ಕಾಗದ ಹೇಗೋ ನಿಮ್ಮ ಕೈಸೇರಿದರೆ, ಆ ಹಾಳೆಯ ಅಂಚಿನಲ್ಲಿ ಯಾವ ಬಾಗಿಲು ಎಂದು ಒಂದು ಮಾತು ಬರೆದಿಡಿ. ನನ್ನ ಮೇಲಿನ ಕರುಣೆಯಿಂದ ಎಡದ್ದು ಎಂದು ಬರೆಯಬೇಡಿ, ಇದ್ದದ್ದನ್ನೇ ಬರೆಯಿರಿ. ದಿನಾ ಬೆಳಿಗ್ಗೆ ತೆರೆದು ನೋಡುತ್ತೇನೆ. ಬಲದ್ದು ಎಂದಿದ್ದರೆ ಎದ್ದು ಹೋಗಿ ಜೈನಾಬಿಗೆ ಹೇಳುತ್ತೇನೆ. ಅವರ ಮನೆ ಬಹಳ ದೂರವೇನಿಲ್ಲ. ನಡೆದೇ ಹೋಗುತ್ತೇನೆ.

ನಿಮ್ಮ ಹೆಸರು ಹೇಳಲು ಇನ್ನೂ ಯೋಗ್ಯನಾಗದ,
ಕೊಟ್ರಬಸು