ಸೂಜಿ ಮುಟ್ಟದ ನರಹುಲಿ

8 ಜನವರಿ, ಸೋಮವಾರ
ಮಚ್ಛೆ ಊರಿನ ಫ್ಯಾಕ್ಟರಿಯಿಂದ ಕೆಲಸ ಮುಗಿಸಿ ಬಂದೆ. ಬಸ್ಸಿನಲ್ಲೇ ವಿಜ್ಞಾನ ಪುಸ್ತಿಕೆ ಮುಗಿಯಿತು. ಮನೆಯಲ್ಲಿ ಅವ್ವ ಕೆಲಸಕ್ಕೆ ಹೋಗದೆ ಕೂತಿದ್ದಾಳೆ. ಹಿಂದವಾಡಿಯ ಖಾನಾವಳಿಯಲ್ಲಿ ರೊಟ್ಟಿ ಬಡಿಯಬೇಡ ಅಂದರಂತೆ. ಎರಡೂ ಕೈಬೆರಳ ತುಂಬ ನರಹುಲಿ — ಗಿರಾಕಿಗಳು ಹೇಸುತ್ತಾರಂತೆ.
ಖಾನಾವಳಿಗೆ ಓಡಿದೆ. ಮಾಲಕಿ ಅಕ್ಕಾತಾಯಿಯನ್ನು ನೇರವಾಗಿ ಕೇಳಿದೆ: "ದುಡಿಯೋ ಕೈ ಹೇಸಿಗಿ ಏನ್ರೀ?"
"ಭಾಷಣಾ ಬ್ಯಾಡ ನಿಖಿತಾ. ಯುಗಾದಿ ತನಕಾ ಕಾಯ್ತೀನಿ. ಕೈ ಸ್ವಚ್ಛ ಆಗಲಿಲ್ಲಂದ್ರ ಬ್ಯಾರೇದಾಕಿನ್ನ ನೋಡ್ತೀನಿ."

13 ಜನವರಿ
ಚರ್ಮದ ಡಾಕ್ಟರ್. ಮೊದಲ ಮಾತಿಗೇ ಸೋತೆ — "ಮುಟ್ಟಿದ್ರ ಹರಡ್ತದ. ಮಾಲಕಿ ಅಂದದ್ದು ಖರೇನ." ಆಯಿತು. ಅಕ್ಕಾತಾಯಿಗೆ ಒಂದು ಕ್ಷಮೆ ಬಾಕಿ.
ಆದರೆ ಮುಂದಿನದು! ಬಲ ಹೆಬ್ಬೆರಳಿನ ಒಂದೇ ನರಹುಲಿಗೆ ಇಂಜೆಕ್ಷನ್. ನರಹುಲಿ ತರುವ ವೈರಸ್ ಚರ್ಮದ ಮೇಲ್ಪದರದಲ್ಲಿ ಸದ್ದಿಲ್ಲದೆ ಕೂತಿರುತ್ತದೆ. ಮೈ ಕಾಯುವ ಬಿಳಿ ರಕ್ತಕಣಗಳಿಗೆ ಸುಳಿವೇ ಇಲ್ಲ. ಸೂಜಿ ಬಿದ್ದಲ್ಲಿ ಗದ್ದಲ. ಓಡಿ ಬಂದ ಕಣಗಳು ವೈರಸ್ಸಿನ ಗುರುತನ್ನು ಕಂಕುಳಿನ ಗ್ರಂಥಿಗೆ ಒಯ್ಯುತ್ತವೆ. ಅಲ್ಲಿ ತಯಾರಾದ ಪಡೆ ರಕ್ತದಲ್ಲಿ ಹೊರಟು, ಚರ್ಮಕ್ಕೆ ನುಸುಳಿ, ಸಂದಿಗೊಂದಿಯಲ್ಲಿ ತೆವಳುತ್ತ ತಡವಿ ಹುಡುಕುತ್ತದೆ. ಎಲ್ಲ ಬೆರಳಲ್ಲೂ!
ಅವ್ವ: "ಒಂದಕ್ಕ ಚುಚ್ಚಿದ್ರ ಉಳಿದಾವು ಅಂಜಿ ಓಡ್ತಾವೇನ್ರೀ?"
"ಭಾಳ ಮಂದಿಗೆ ಹೋಗ್ತಾವ. ಎಲ್ಲಾರಿಗೂ ಅಲ್ಲ."
ನಮಗೆ ಹೋಗುತ್ತವೆ.

2 ಮಾರ್ಚ್
ಅದೇ ಹೆಬ್ಬೆರಳಿಗೆ ಮತ್ತೆ ಮತ್ತೆ ಸೂಜಿ. ಏನೂ ಕಾಣದು. ಅವ್ವ ತವರಿಗೆ, ಪಾರಿಶ್ವಾಡಕ್ಕೆ ಹೋಗಿ ಬಂದಳು — ಬಲಗೈ ನರಹುಲಿಗಳಿಗೆಲ್ಲ ಕುದುರೆ ಬಾಲದ ಕೂದಲು ಬಿಗಿದಿದೆ! ಗುರುಪುತ್ರಪ್ಪ ಮಾವನ ನಾಟಿ ಮದ್ದು. ಮದುವೆ ಮೆರವಣಿಗೆಗೆ ಬಾಡಿಗೆ ಕೊಡುವ ಅವನದೇ ಕುದುರೆಯ ಕೂದಲು.
"ನಿನ್ನ ಸಿಪಾಯಿಗೋಳು ಖಾನಾಪುರದಾಗ ಬಸ್ ತಪ್ಪಿಸ್ಕೊಂಡಾರ," ಅಂದಳು.
ಜಗಳ. ಎಡಗೈಗೆಂದು ತಂದಿದ್ದ ಕೂದಲನ್ನು ಒಲೆಗೆ ಹಾಕಿದೆ.

28 ಮಾರ್ಚ್
ಬಲಗೈ ನುಣುಪು! ಆದರೆ... ಮಾವ ಫೋನಿನಲ್ಲಿ: "ನೋಡಿದೇನವಾ, ನಮ್ಮ ಕುದರಿ ಡಾಕ್ಟರ್!" ಎಡಗೈಯವು ಇನ್ನೂ ಇವೆ. ಬಣ್ಣ ಸ್ವಲ್ಪ ಕಪ್ಪಾಗಿದೆ. ಕಾಯುತ್ತೇನೆ.

7 ಏಪ್ರಿಲ್, ಮಧ್ಯಾಹ್ನ
ಎಡಗೈ ಕಿರುಬೆರಳಿನ ಕೊನೆಯದೂ ಬೆಳಿಗ್ಗೆ ಪಾತ್ರೆ ತಿಕ್ಕುವಾಗ ಉದುರಿತು. ಅಲ್ಲಿ ಸೂಜಿ ಮುಟ್ಟಿಲ್ಲ. ಕೂದಲೂ ಮುಟ್ಟಿಲ್ಲ. ಮುಟ್ಟಿದವರು ಒಳಗಿನಿಂದ ನಡೆದುಬಂದವರೇ!
"ಮಾವಗ ಹೇಳಬ್ಯಾಡ," ಅವ್ವ ಅಂದಳು. "ಕುದರಿಗೆ ಹಾರ ಹಾಕ್ಯಾನಂತ, ಪಾಪ."
ಖಾನಾವಳಿಯಲ್ಲಿ ಕೂತು ಬರೆಯುತ್ತಿದ್ದೇನೆ. ಅಕ್ಕಾತಾಯಿ ಅವ್ವನ ಎರಡೂ ಕೈ ಬೆಳಕಿಗೆ ಹಿಡಿದು ನೋಡಿದರು. ರೊಟ್ಟಿ ಹಂಚಿನ ಕಡೆ ಕೈ ತೋರಿಸಿದರು. ಕ್ಷಮೆ ಕೇಳಿದೆ. "ಮದ್ಲ ಉಣ್ಣು," ಅಂದರು. ರೊಟ್ಟಿ ಬಡಿಯುವ ಸದ್ದು ಶುರು.
ಮಾವನ ಫೋನ್. ಅವ್ವ ಒಲೆಯ ಮುಂದಿನಿಂದಲೇ ಹೇಳಬ್ಯಾಡ ಅಂತ ಕಣ್ಣು ಬಿಡುತ್ತಿದ್ದಾಳೆ. ಎತ್ತುತ್ತೇನೆ. ಹೇಳಿಯೇ ಬಿಡುತ್ತೇನೆ —