ಆಲೂಗಡ್ಡೆ ಹೊಲ ದಾಟಿದ ನರಿಮರಿ

ದೊಲ್ನಾ ಕ್ರುಶಾ,
ಸೆಪ್ಟೆಂಬರ್ ೨೫

ಮುದ್ದು ಮಗ ರಾಡ್ಕೊ,

ಮಂಡಿ ನೋವು ಹೇಗಿದೆ? ಆ ಬಿಸಿನೀರಿನ ಬುಗ್ಗೆಯಲ್ಲಿ ಎರಡು ವಾರ ನೆನೆದದ್ದಕ್ಕೆ ಮಂಡಿಯ ಜೊತೆ ನಿನ್ನ ಹಟವೂ ತುಸು ಮೆತ್ತಗಾಗಿರಬಹುದೆಂದು ನನ್ನ ಆಸೆ. ಇಲ್ಲಿ ನಾವು ಅಜ್ಜಿ ಮೊಮ್ಮಗಳು ಚೆನ್ನಾಗಿದ್ದೇವೆ. ಕೆಂಪು ಮೆಣಸಿನಕಾಯಿ ಸುಟ್ಟು, ಸುಲಿದು, ನಲವತ್ತು ಬಾಟಲಿ ತುಂಬಿಸಿದೆವು. ಕೈಯೆಲ್ಲ ಉರಿಯುತ್ತಿದ್ದರೂ ಕಲೀನಾ ಹಾಡಿಕೊಂಡೇ ಕೆಲಸ ಮಾಡಿದಳು. ಹಡಗಿನ ಎಂಜಿನ್ ಕಲಿಯಲು ವಾರ್ನಾ ಬಂದರಿಗೆ ಹೋಗಕೂಡದು ಎಂದು ನೀನು ಅವಳನ್ನು ಗದರಿ ಹೋದ ಮೇಲೆ ಅವಳು ಹಾಡಿದ್ದು ಅದೇ ಮೊದಲು. "ಸಮುದ್ರಾನೇ ನೋಡದವಳಿಗೆ ಹಡಗ್ಯಾಕೆ?" ಅಂದೆಯಲ್ಲ, ನೋಡಿಲ್ಲ ಅಂತಲೇ ಹೋಗಬೇಕು ಕಣೋ.

ನೀನು ಕೇಳಿದ ನರಿಗಳ ಸಮಾಚಾರ ಹೇಳುತ್ತೇನೆ. ಹುಲ್ಲಿನ ಕೊಟ್ಟಿಗೆಯ ಕೆಳಗಿದ್ದ ಆ ಕೆಂಪು ಸಂಸಾರ ಚದುರಿತು. ಬೇಸಿಗೆಯೆಲ್ಲ ಮರಿಗಳ ಮೈ ನೆಕ್ಕಿದ ತಾಯಿ, ಗಂಡುಮರಿಗಳು ಹತ್ತಿರ ಬಂದರೆ ಹಲ್ಲು ಕಿರಿದು ಕಚ್ಚಲು ಹೋಗುತ್ತಿದ್ದಳು. ನನಗೆ ಸಿಟ್ಟು ನೆತ್ತಿಗೇರಿ ಚಪ್ಪಲಿ ಎಸೆದೆ. ಅದನ್ನೂ ಮರಿಯೊಂದು ಕಚ್ಚಿಕೊಂಡು ಓಡಿತು. ಪಕ್ಕದ ಮನೆಯ ಅರಣ್ಯ ಕಾವಲುಗಾರ ಮಿನ್ಯೊ ಬೇಲಿಯಾಚೆ ನಿಂತು ನಕ್ಕ. ಚಳಿಗಾಲಕ್ಕೆ ಮುಂಚೆ ಅವು ತಮ್ಮ ತಮ್ಮ ಜಾಗ ಹುಡುಕಬೇಕಂತೆ. ಗಂಡುಗಳು ಮೊದಲು ಹೊರಟು ಬಲು ದೂರ ಹೋಗುತ್ತವಂತೆ. ಹೆಣ್ಣೊಂದು ಕೆಲವೊಮ್ಮೆ ತಾಯಿಯ ಬಳಿಯೇ ಉಳಿದು ಮುಂದಿನ ವರ್ಷದ ಮರಿಗಳನ್ನು ಸಾಕಲು ನೆರವಾಗುತ್ತದಂತೆ. ಈ ಮಾತು ಓದಿ ನೀನು ಹಿಗ್ಗುತ್ತೀಯೆಂದು ಗೊತ್ತು. ನಾನೂ ಹಿಗ್ಗಿದೆ, ಸುಳ್ಳೇಕೆ ಹೇಳಲಿ. ಎರಡು ಗಂಡುಗಳು ಹೋದವು, ಹೆಣ್ಣುಮರಿ ಉಳಿಯಿತು. ಮಂಗಳವಾರ ಬೆಳಿಗ್ಗೆ ಅದೂ ಎದ್ದು, ಮೈ ಕೊಡವಿ, ಆಲೂಗಡ್ಡೆ ಹೊಲ ದಾಟಿ ನಡೆದುಬಿಟ್ಟಿತು. ಯಾರೂ ಕಚ್ಚಿರಲಿಲ್ಲ, ಯಾರೂ ಓಡಿಸಿರಲಿಲ್ಲ. ತಾಯಿ ಬಿಸಿಲಿನಲ್ಲಿ ಕೂತು ನೋಡುತ್ತಿದ್ದಳು. ನನಗೆ ಅಳು ಬಂತು. ಆದರೆ ಅದರ ನಡಿಗೆ ಎಷ್ಟು ಚೆಂದವಿತ್ತು ಗೊತ್ತೇನೋ, ನೀನು ನೋಡಬೇಕಿತ್ತು.

ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನ ಕಾಲಿಗೂ ಮನಸ್ಸಿಗೂ ಬಲ ಕೊಡಲಿ.

ನಿನ್ನ ಅಮ್ಮ,
ಸ್ತಾಮೆನಾ

ತಾ.ಕ.: ಸೋಮವಾರ ಬೆಳಿಗ್ಗೆ ಏಳಕ್ಕೆ ಕಲೀನಾಳ ಬಸ್ಸು. ಟಿಕೆಟ್ ತೆಗೆಸಿದ್ದು ನಾನೇ, ಬೈಯುವುದಿದ್ದರೆ ನನ್ನನ್ನು ಬೈ. ದೂರ ಹೊರಟವರ ದಾರಿ ಸರಾಗವಾಗಲೆಂದು ಹೊಸ್ತಿಲಿಗೆ ತಾಮ್ರದ ಕೊಡದಿಂದ ನೀರು ಚೆಲ್ಲದೆ ನಮ್ಮ ಮನೆಯಲ್ಲಿ ಯಾರನ್ನೂ ಕಳಿಸಿಲ್ಲ. ನಾನು ಚೆಲ್ಲುತ್ತೇನೆಂದರೆ ಹುಡುಗಿ ಒಪ್ಪಲಿಲ್ಲ. "ಅಪ್ಪ ಚೆಲ್ಲಿದ್ರೆ ಚೆಲ್ಲಲಿ ಅಜ್ಜಿ. ಇಲ್ದಿದ್ರೆ ಒಣ ಹೊಸ್ತಿಲೇ ದಾಟ್ತೀನಿ" ಅಂದಳು. ಭಾನುವಾರದ ಬಸ್ಸಿಗೆ ಬಾ, ಕುಂಟಿಕೊಂಡಾದರೂ ಬಾ.