ಅಪ್ಪ ಅಂಟಿಸಿದ ಗೋಡೆಗಳು

ಕಾರ್ಖಾನೆ ರಸ್ತೆಯ ಮನೆ,
ಶನಿವಾರ, ಮೇ ೩೧

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಹಡಗಿನ ಅಡುಗೆಮನೆಯಲ್ಲಿ ಸುಟ್ಟುಕೊಂಡ ಕೈ ವಾಸಿಯಾಯಿತೇ? ಕಳೆದ ಕಾಗದದಲ್ಲಿ ಕೈಯ ವಿಷಯ ಒಂದೇ ಸಾಲಿನಲ್ಲಿ ಮುಗಿಸಿ ಹೊಸ ಒಲೆಯ ಬಗ್ಗೆ ಎರಡು ಪುಟ ಬರೆದಿದ್ದೀಯ. ನನಗೆ ಒಲೆಯ ಕ್ಷೇಮ ಬೇಕಾಗಿಲ್ಲ. ಮುಲಾಮು ಹಚ್ಚುತ್ತಿದ್ದೀಯೋ ಇಲ್ಲವೋ ಅಷ್ಟನ್ನು ಬರೆ. ನಾವಿಬ್ಬರೂ ಚೆನ್ನಾಗಿದ್ದೇವೆ. ಅಪ್ಪನ ಮಂಡಿನೋವು ಎಲ್ಲಿಗೂ ಹೋಗಿಲ್ಲ, ಆದರೆ ಈ ತಿಂಗಳು ಅದನ್ನು ವಿಚಾರಿಸಿಕೊಳ್ಳಲು ಅವರಿಗೆ ಪುರಸೊತ್ತು ಸಿಕ್ಕಿಲ್ಲ. ಯಾಕೆಂದು ಹೇಳುತ್ತೇನೆ, ಈರುಳ್ಳಿ ಹೆಚ್ಚುವುದನ್ನು ಪಕ್ಕಕ್ಕಿಟ್ಟು ಕೂತು ಓದು.

ನನ್ನನ್ನು ಕಾರ್ಖಾನೆಯಲ್ಲಿ ವಾಪಸಾತಿ ಅಂಗಳಕ್ಕೆ ಹಾಕಿದ್ದಾರೆ ಎಂದು ಬರೆದಿದ್ದೆನಲ್ಲ. ಮೊದಲು ಹೊಸ ಗೋಡೆಗಳನ್ನು ಲಾರಿ ಹತ್ತಿಸಿ ಕಳಿಸುತ್ತಿದ್ದೆ, ಈಗ ಹಳೆಯ ಗೋಡೆಗಳನ್ನು ಬರಮಾಡಿಕೊಳ್ಳುತ್ತೇನೆ. ನಮ್ಮ ಕಾರ್ಖಾನೆಯ ಅಗ್ಗದ ಮನೆಗಳ ಗುಟ್ಟು ನಿನಗೆ ಗೊತ್ತೇ ಇದೆ. ಗೋಡೆ, ಚಾವಣಿ, ಕಿಟಕಿ ಎಲ್ಲ ಇಲ್ಲೇ ತಯಾರಾಗಿ ಹೋಗಿ, ಬೋಲ್ಟು ಬಿಗಿಸಿಕೊಂಡು ನಾಲ್ಕೇ ದಿನದಲ್ಲಿ ನಿಲ್ಲುತ್ತವೆ. ಬೇಡವಾದ ದಿನ ಯಾರೂ ಸುತ್ತಿಗೆ ಹಿಡಿದು ಒಡೆದು ರಾಶಿ ಹಾಕುವಂತಿಲ್ಲ. ಬೋಲ್ಟು ಬಿಚ್ಚಬೇಕು, ತೊಳೆಯಬೇಕು, ಮತ್ತೊಂದು ಕಡೆ ನಿಲ್ಲಿಸಬೇಕು. ಒಂದೊಂದು ಗೋಡೆಯನ್ನೂ ತಟ್ಟಿ, ಅಂಚು ಸವರಿ, ಇದು ಇನ್ನೊಂದು ಸಂಸಾರವನ್ನು ತಾಳುತ್ತದೆಯೇ ಎಂದು ಬರೆದುಕೊಡುವವಳು ನಾನು. ಕ್ರೇನ್ ಓಡಿಸುವವನು ನನಗೆ ಗೋಡೆ ಡಾಕ್ಟರಮ್ಮ ಎಂದು ಹೆಸರಿಟ್ಟಿದ್ದಾನೆ. ಕೇಳಿ ಕೇಳಿ ನನಗೂ ಸ್ವಲ್ಪ ಜಂಬ ಬಂದಿದೆ.

ರೈಲು ಹಳಿಯ ಪಕ್ಕದ ಬೀದಿಯ ಹನ್ನೆರಡು ಮನೆಗಳನ್ನು ಈ ಬೇಸಿಗೆಯಲ್ಲಿ ಎತ್ತಬೇಕಾಯಿತು. ಇನ್ನೊಂದು ಜೋಡಿ ಹಳಿ ಹಾಕಲು ಆ ಜಾಗ ಬೇಕಂತೆ. ಅದೇ ಮನೆಗಳನ್ನು ನೀರಿನ ಟ್ಯಾಂಕಿನ ಹಿಂದಿನ ಬಯಲಿನಲ್ಲಿ ಮತ್ತೆ ನಿಲ್ಲಿಸಿಕೊಡುತ್ತೇವೆ ಎಂದು ಮಾತಾಯಿತು. ಅಲ್ಲಿಯವರೆಗೆ ಹನ್ನೆರಡು ಸಂಸಾರಗಳೂ ಶಾಲೆಯ ಕೊಠಡಿಗಳಲ್ಲಿ, ಬೆಂಚುಗಳ ಮೇಲೆ ಪಾತ್ರೆ ಜೋಡಿಸಿಕೊಂಡು. ಶಾಲೆ ತೆರೆಯುವುದರೊಳಗೆ ಖಾಲಿ ಮಾಡಲೇಬೇಕು. ಮೊದಲ ನಾಲ್ಕು ಮನೆ ಬಾಳೆಹಣ್ಣು ಸುಲಿದಷ್ಟು ಸಲೀಸಾಗಿ ಬಿಚ್ಚಿಕೊಂಡವು. ಐದನೆಯದರಲ್ಲಿ ಎಲ್ಲ ಬೋಲ್ಟು ತೆಗೆದರೂ ಒಳಗೋಡೆ ಜಪ್ಪಯ್ಯ ಅನ್ನಲಿಲ್ಲ. ಕ್ರೇನಿನಿಂದ ಸ್ವಲ್ಪ ಎಳೆಸಿದೆವು. ಚಟ್ ಎಂದು ಮೂಲೆಯಿಂದ ಮೂಲೆಗೆ ಸೀಳಿತು. ಸಂದಿಗೆ ಬೆರಳು ಹಾಕಿ ನೋಡಿದರೆ ಅಂಟು, ಕಲ್ಲಿನ ಹಾಗೆ ಗಟ್ಟಿಯಾದ ಹಳದಿ ಅಂಟು. ಉಳಿದ ಏಳು ಮನೆಗಳಲ್ಲೂ ಅದೇ. ಮನೆ ನಿಲ್ಲಿಸಿದ ತಂಡದ ಚೀಟಿಯನ್ನು ಪ್ರತಿ ಗೋಡೆಯ ಒಳಮೈಗೆ ಹಚ್ಚಿರುತ್ತಾರೆ. ಓದುವ ಮೊದಲೇ ನನಗೆ ಅಕ್ಷರದ ಗುರುತು ಸಿಕ್ಕಿತು. ಏಳನೇ ತಂಡ, ಕೆಳಗೆ ಅಪ್ಪನ ಸಹಿ, ಆ ಬಾಲ ಎಳೆದ ಸಹಿ.

ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದೆ. ಅಪ್ಪ ಬಟಾಣಿ ಸುಲಿಯುತ್ತಿದ್ದರು. ತಲೆ ಎತ್ತದೆ, “ಹೌದು, ಹಾಕಿದೆ. ಏನೀಗ?” ಎಂದರು. ಇಪ್ಪತ್ತೆರಡು ವರ್ಷದ ಹಿಂದೆ ನಾಲ್ಕು ಮನೆ ಮುಗಿಯುವಷ್ಟರಲ್ಲಿ ಸಂದಿಗೆ ಕೂರಿಸುವ ರಬ್ಬರ್ ಪಟ್ಟಿ ತೀರಿ, ಮತ್ತೆ ಬರಲೇ ಇಲ್ಲವಂತೆ. ಚಳಿಗಾಲ ಶುರುವಾಗಿತ್ತು. ಐದನೇ ಮನೆಗೆ ಬಂದ ಹೊಲಿಗೆಯಮ್ಮ, ಗಂಡ ಸತ್ತು ಇನ್ನೂ ವರ್ಷವಾಗಿರದ ಹೆಂಗಸು, ಕೈಗೂಸನ್ನು ಎತ್ತಿಕೊಂಡು ಬಂದು, “ಗೋಡೆ ಸಂದೀಲಿ ಗಾಳಿ ಸಿಳ್ಳೆ ಹೊಡೆಯತ್ತಣ್ಣ, ಮಗು ಬೆಚ್ಚಿ ಬೀಳತ್ತೆ” ಎಂದಳಂತೆ. ಅಪ್ಪ ಅಂಟು ತಂದು ಮೆತ್ತಿದರು. ಒಬ್ಬರಿಗೆ ಮಾಡಿ ಇನ್ನೊಬ್ಬರಿಗೆ ಬಿಡುವುದು ಹೇಗೆಂದು ಮುಂದಿನ ಏಳಕ್ಕೂ ಮೆತ್ತಿದರು. “ಅಪ್ಪಾ, ಬಿಚ್ಚೋ ಹಾಗಿರಬೇಕು ಅಂತ ನಿಯಮ ಇತ್ತಲ್ಲ?” ಎಂದೆ. “ಇತ್ತು. ನಾನು ನಂಬಲಿಲ್ಲ. ಬಿಚ್ಚೋಕೆ ಅಂತ ಯಾರಾದ್ರೂ ಮನೆ ಕಟ್ತಾರೇನೇ?” ಎಂದು ಬಟಾಣಿ ಸಿಪ್ಪೆಯನ್ನು ಕಾಳಿನ ಬಟ್ಟಲಿಗೂ, ಕಾಳನ್ನು ಕಸಕ್ಕೂ ಹಾಕಿದರು. ಆಗ ತಿಳಿಯಿತು, ಅವರಿಗೂ ಒಳಗೊಳಗೇ ಚುರುಕ್ ಎಂದಿದೆ ಎಂದು.

ಮರುದಿನ ವರದಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದೆ, ತಂಡದ ಸಂಖ್ಯೆ ಸಮೇತ. ಎರಡು ಸಲ ಓದಿಕೊಂಡು ಸಹಿ ಹಾಕಿದೆ. ಕಾರ್ಖಾನೆಯ ಊಟದ ಮನೆಯ ಗೋಡೆಯಲ್ಲಿ ಹಳೆಯ ಕೆಲಸಗಾರರ ಸಾಲಿನಲ್ಲಿ ಅಪ್ಪನ ಫೋಟೋ ಇದೆ, ಅದರ ಕೆಳಗೇ ನಾನು ದಿನಾ ಡಬ್ಬಿ ಬಿಚ್ಚುವುದು. ಎಂಜಿನಿಯರ್ ಮೇಡಂ ಓದಿ ಕನ್ನಡಕ ತೆಗೆದಿಟ್ಟರು. ಅಂಟಿದ ಗೋಡೆಗಳನ್ನು ಕತ್ತರಿಸಿ ಎಸೆಯದೆ ಬೇರೆ ದಾರಿಯಿಲ್ಲ, ಆ ಅಳತೆಯವು ಈಗ ತಯಾರಾಗುತ್ತಿಲ್ಲ, ಹೊಸದಾಗಿ ಮಾಡಿಸಲು ಮೂರು ತಿಂಗಳು ಬೇಕು ಎಂದರು. ಎಂಟು ಸಂಸಾರ ಮೂರು ತಿಂಗಳು ಎಲ್ಲಿರಬೇಕು? ಇದನ್ನು ಮನೆಯಲ್ಲಿ ಹೇಳಿದೆ. ಅಪ್ಪ ಮೂರು ದಿನ ನನ್ನ ಜೊತೆ ಮಾತು ಬಿಟ್ಟರು. ಸಾರಿಗೆ ಉಪ್ಪು ಸಾಲದಿದ್ದರೂ ಕಿಟಕಿಯ ಕಡೆ ತಿರುಗಿ, “ಉಪ್ಪು ಕಮ್ಮಿ” ಎನ್ನುತ್ತಿದ್ದರು. ನಾನೂ ಅವರ ಮಗಳೇ ಅಲ್ಲವೇ, ಕಿಟಕಿಯ ಪಕ್ಕದಲ್ಲೇ ಉಪ್ಪಿನ ಡಬ್ಬಿ ಇಟ್ಟೆ.

ಆ ಮೂರು ದಿನ ಅವರು ಸುಮ್ಮನಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಬೀದಿಯ ಕೊನೆಯಲ್ಲಿ ಕಾರಿನ ಗಾಜು ಕೂರಿಸುವವನಿದ್ದಾನಲ್ಲ, ಅವನ ಅಂಗಡಿಯಲ್ಲಿ ಕೂತಿದ್ದಾರೆ. ಒಡೆದ ಮುಂಗಾಜನ್ನು ಅಂಟಿನಿಂದ ಬಿಡಿಸಲು ಅವನು ತೆಳ್ಳನೆಯ ಉಕ್ಕಿನ ತಂತಿಯನ್ನು ಸಂದಿಯಲ್ಲಿ ತೂರಿಸಿ, ಆ ಕಡೆ ಒಬ್ಬನನ್ನು ನಿಲ್ಲಿಸಿ, ಈ ಕಡೆ ತಾನು ನಿಂತು ಗರಗಸದ ಹಾಗೆ ಎಳೆಯುತ್ತಾನೆ. ನಾಲ್ಕನೆಯ ದಿನ ಬೆಳಿಗ್ಗೆ ಅಪ್ಪ ಹಳೆಯ ನೀಲಿ ಅಂಗಿ ತೊಟ್ಟು, ತಂತಿಯ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಹಳಿಯ ಬೀದಿಗೆ ಬಂದೇಬಿಟ್ಟರು. ಮೇಡಂಗೆ, “ಅಂಟಿಸಿದ್ದು ನಾನು, ಬಿಡಿಸೋದೂ ನಾನೇ. ಒಂದು ಗೋಡೆ ಹಾಳಾದ್ರೆ ಮನೆಗೆ ಕಳಿಸಿ” ಎಂದರು. ಮೇಡಂ ನನ್ನ ಮುಖ ನೋಡಿದರು, ನಾನು ಕ್ರೇನ್ ನೋಡಿದೆ.

ಸಂದಿಗೆ ಬಿಸಿಗಾಳಿ ಹಾಯಿಸಿ ಅಂಟು ಮೆತ್ತಗಾದ ಮೇಲೆ ತಂತಿ ಎಳೆಯಬೇಕು. ತಂತಿಯ ಒಂದು ತುದಿ ಅಪ್ಪನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಮಾತು ಬಿಟ್ಟವರಿಬ್ಬರೂ ಗೋಡೆಯ ಎರಡು ಕಡೆ! “ಎಳಿ... ನಿಧಾನ... ನಿನ್ನಮ್ಮನ ಹಾಗೆ ಅವಸರ ಮಾಡಬೇಡ” ಎಂದು ಆ ಕಡೆಯಿಂದ ಕೇಳಿದಾಗ ನನಗೆ ನಗು, ಅಳು ಎರಡೂ ಬಂದವು. ಗೋಡೆ ಅಡ್ಡ ಇದ್ದದ್ದು ಒಳ್ಳೆಯದಾಯಿತು. ಎರಡು ಗಂಟೆ ಹೊತ್ತು ಎಳೆದ ಮೇಲೆ ಮೊದಲ ಗೋಡೆ ಒಂದು ಚೂರೂ ಮುಕ್ಕಾಗದೆ ಬಿಟ್ಟುಕೊಂಡಿತು. ಊಟದ ಹೊತ್ತಿಗೆ ಹೊಲಿಗೆಯಮ್ಮ ಶಾಲೆಯಿಂದ ನೋಡಲು ಬಂದಳು. ಅಪ್ಪ ಎದ್ದು ನಿಂತು, “ತಪ್ಪಾಯ್ತಮ್ಮ, ನನ್ನಿಂದ ನಿಮಗೆಲ್ಲ ತೊಂದರೆ” ಎಂದರು. ಅಪ್ಪ ಆ ಮಾತು ಆಡಿದ್ದನ್ನು ನೀನಾಗಲಿ ನಾನಾಗಲಿ ಹುಟ್ಟಿದಾಗಿನಿಂದ ಕೇಳಿದ್ದಿಲ್ಲ. ಅವಳು ಸೊಂಟದ ಮೇಲೆ ಕೈಯಿಟ್ಟು, “ನೀವೇನಾ ಅವರು! ಆವತ್ತಿನ ಮಗು ಈಗ ಬಸ್ ಕಂಡಕ್ಟರು. ನೀವು ಅಂಟು ಹಾಕಿದ ಮೇಲೆ ಒಂದು ದಿನಾನೂ ಬೆಚ್ಚಿ ಬೀಳಲಿಲ್ಲ. ಆದ್ರೆ ಈ ಸಲ ರಬ್ಬರ್ರೇ ಹಾಕಿಸಿ, ನಾಳೆ ಇನ್ನೆಲ್ಲಿಗೆ ಎತ್ತಂಗಡಿ ಆಗ್ತೀನೋ ಯಾರಿಗೆ ಗೊತ್ತು” ಎಂದಳು. ಅಪ್ಪ ಆ ಮಧ್ಯಾಹ್ನ ಎರಡು ತುತ್ತು ಜಾಸ್ತಿ ಉಂಡರು.

ಹದಿನೇಳು ದಿನ ಹಿಡಿಯಿತು. ಮೊದಲು ನಾವೇ ಸೀಳಿದ ಆ ಒಂದು ಗೋಡೆ ಬಿಟ್ಟರೆ ಎಲ್ಲವೂ ಉಳಿದವು. ಅದರ ಜಾಗಕ್ಕೂ ಒಂದನ್ನು ಹೊಂದಿಸಿದೆವು. ಮೊನ್ನೆ ಗುರುವಾರ ಹನ್ನೆರಡನೆಯ ಮನೆಯವರೂ ಟ್ಯಾಂಕಿನ ಹಿಂದೆ ಬೀಗದ ಕೈ ತೆಗೆದುಕೊಂಡರು. ಹೊಲಿಗೆಯಮ್ಮನ ಮನೆಯಲ್ಲಿ ಅಪ್ಪ ಪ್ರತಿ ಸಂದಿಗೂ ಅಂಗೈ ಹಿಡಿದು, ಗಾಳಿ ಬರುತ್ತದೆಯೇ ಎಂದು ಸುತ್ತಿ ಬಂದರು. ಬರಲಿಲ್ಲ. ಹೊಸ ತಂಡದವರಿಗೆ ಬಿಚ್ಚುವ ಕೆಲಸ ಕಲಿಸಲು ವಾರಕ್ಕೆರಡು ದಿನ ಬರಬೇಕೆಂದು ಮೇಡಂ ಕೇಳಿದ್ದಾರೆ. ನೋಡೋಣ ಎಂದಿದ್ದಾರೆ ಅಪ್ಪ, ಆದರೆ ಅಂಗಿಗೆ ಆಗಲೇ ಇಸ್ತ್ರಿ ಆಗಿದೆ.

ಸಮುದ್ರ ಶಾಂತವಾಗಿರಲಿ, ನಿನ್ನ ಕೈ ಬೇಗ ಮಾಯಲಿ. ಅಪ್ಪನ ಆಶೀರ್ವಾದ, ನನ್ನ ಕಡೆಯಿಂದ ತಲೆಗೊಂದು ಮೊಟಕು.

ನಿನ್ನ
ಅಕ್ಕ

ತಾ.ಕ.: ಲಕೋಟೆ ಮುಚ್ಚುವ ಮೊದಲು ಇದನ್ನು ಹೇಳದೆ ಇದ್ದರೆ ನೀನು ನನ್ನನ್ನು ಬಿಡುವುದಿಲ್ಲ. ಹೊಲಿಗೆಯಮ್ಮನಿಗೆ ಹೊಂದಿಸಿದ ಗೋಡೆ ನಿನ್ನ ಕೋಣೆಯದು. ನಮ್ಮದೂ ಆ ವರ್ಷವೇ ಅಪ್ಪ ನಿಲ್ಲಿಸಿದ ಕಾರ್ಖಾನೆ ಮನೆಯಲ್ಲವೇ, ಆ ಹನ್ನೆರಡು ಮನೆ ಬಿಟ್ಟರೆ ಆ ಅಳತೆಯದು ಊರಿಗೆಲ್ಲ ನಮ್ಮಲ್ಲಿ ಮಾತ್ರ ಇತ್ತು. ಅಂಟಿನ ವಾಸನೆಗೆ ಅಮ್ಮ ಸೀನುತ್ತಿದ್ದರೆಂದು ಅಪ್ಪ ನಮ್ಮಲ್ಲಿ ಬರೀ ಬೋಲ್ಟು ಹಾಕಿದ್ದರು, ಇಪ್ಪತ್ತೇ ನಿಮಿಷದಲ್ಲಿ ಕಳಚಿತು. ಈಗ ನಿನ್ನ ಮಂಚ ನಡುಮನೆಗೇ ಬಂದ ಹಾಗಿದೆ. ಹೊಸ ಗೋಡೆ ಬೇಕೋ, ಹೀಗೇ ಇರಲೋ ಎಂದು ಕಾರ್ಖಾನೆಯವರು ಕೇಳುತ್ತಿದ್ದಾರೆ. ಅಪ್ಪ, “ಕೋಣೆ ಅವನದು, ಅವನೇ ಬಂದು ನೋಡಿ ಹೇಳ್ಲಿ. ಕಾಗದದಲ್ಲಿ ಹೇಳಿದ್ರೆ ನಾನು ಒಪ್ಪಲ್ಲ” ಎನ್ನುತ್ತಾರೆ. ನೀನು ಹಡಗು ಹತ್ತಿದ ಈ ಎರಡು ವರ್ಷದಲ್ಲಿ ನಿನಗೆ ಬಾ ಎಂದು ಒಂದು ಸಲವೂ ಬರೆಸಿದವರಲ್ಲ ಅವರು. ರಜೆ ಅರ್ಜಿ ಇವತ್ತೇ ಬರೆ.